ಕಾಳು ಮತ್ತು ತೋಳು: ಕೊಂಗು ನಾಡಿನ ಊಟದ ಒಂದು ಚರಿತ್ರೆ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ಹುಡುಗರು ಈಗ ಶಿಫ್ಟು ಮುಗಿಸಿ ಜಿಮ್ಮಿಗೆ ಹೋಗುತ್ತಾರೆ. ಕೊಯಮತ್ತೂರಿನ ಕಾಲೇಜು ಹುಡುಗರದೂ ಇದೇ ಕಥೆ. ಮೈ ಕಟ್ಟಬೇಕು ಅನ್ನೋದು ಒಳ್ಳೆಯ ಆಸೆಯೇ. ಆದರೆ ಹೋದ ವಾರದೊಳಗೇ ಯಾರೋ ಒಬ್ಬರು ಕೇಳುತ್ತಾರೆ: "ಮೊಟ್ಟೆ ತಿಂತೀಯಾ? ಕೋಳಿ? ಅದೂ ಇಲ್ವಾ? ಹಾಗಾದ್ರೆ ಡಬ್ಬಿ ತಗೋ." ಸಾವಿರಾರು ರೂಪಾಯಿ ಕೊಟ್ಟು ಪ್ರೋಟೀನ್ ಪುಡಿಯ ಡಬ್ಬಿ ತರುತ್ತಾರೆ. ಅದರಲ್ಲಿ ಬಹುಪಾಲು ಹಾಲಿನಿಂದ ತೆಗೆದದ್ದು. ಇತ್ತೀಚೆಗೆ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟವರು ಕೂಡ ಇದ್ದಾರೆ. ಇಂಥವರಿಗೆ 'ವೀಗನ್' ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಹಾಲೂ ಇಲ್ಲದೆ ಮೊಟ್ಟೆಯೂ ಇಲ್ಲದೆ ತೋಳಿಗೆ ಬಲ ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ಹೆಸರು ಹೊಸದಿರಬಹುದು, ಪ್ರಶ್ನೆ ಮಾತ್ರ ಹಳೆಯದು. ನಮ್ಮ ಕೊಂಗು ನಾಡಿನ ಮಣ್ಣಿನಲ್ಲೇ ಅದಕ್ಕೆ ದೊಡ್ಡ ಚರಿತ್ರೆ ಇದೆ.

ದೇಹ ಬೆಳೆಸುವವರ ಊಟ ಅಂದರೆ ನಮಗೆ ನೆನಪಾಗುವುದು ಗರಡಿಮನೆ. ಅಲ್ಲಿಯ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ. ಆದರೆ ಆ ಊಟಕ್ಕೆ ಅರಮನೆಯೋ ಸಾಹುಕಾರನೋ ಬೆನ್ನಿಗಿರಬೇಕಿತ್ತು. ಯೂಜೀನ್ ಸ್ಯಾಂಡೋ ಎಂಬ ಯುರೋಪಿನ ದೇಹದಾರ್ಢ್ಯಪಟು 1904-05ರಲ್ಲಿ ಇಂಡಿಯಾಕ್ಕೆ ಬಂದುಹೋದ ಮೇಲೆ ಹೊಸ ಬಗೆಯ ವ್ಯಾಯಾಮಶಾಲೆಗಳು ಊರೂರಲ್ಲಿ ಎದ್ದವು. ಕೊಯಮತ್ತೂರಿನ ಮಿಲ್ಲು ಬಡಾವಣೆಗಳಿಗೂ ಆ ಗಾಳಿ ಬೀಸಿತು. ಮಿಲ್ಲಿನಲ್ಲಿ ದುಡಿದು, ಮುಂದೆ ದೇವರ್ ಫಿಲಂಸ್ ಕಟ್ಟಿ, ಆನೆ ಹುಲಿಗಳನ್ನು ಹಾಕಿ ಸಿನಿಮಾ ತೆಗೆದ ಚಿನ್ನಪ್ಪ ದೇವರ್ ಈ ಊರಿನವರೇ. ಅವರ ಹೆಸರಿನ ಮುಂದೆ ಕೊನೆವರೆಗೂ 'ಸ್ಯಾಂಡೋ' ಎಂಬ ಬಿರುದು ಉಳಿಯಿತು.

ಇದು ಹೆಸರಾದವರ ಮಾತಾಯಿತು. ಹೆಸರಿಲ್ಲದವರ ತೋಳಿಗೆ ಬಲ ಎಲ್ಲಿಂದ ಬಂತು? ಕಪಿಲೆ ಹೊಡೆದು ಬಾವಿಯ ನೀರೆತ್ತಿದವರು, ಹತ್ತಿ ಹೊಲ ಉತ್ತವರು, ಗುಂಡಿಮಗ್ಗದಲ್ಲಿ ಕೂತು ದಿನವಿಡೀ ಕಾಲು ತುಳಿದ ನಮ್ಮ ದೇವಾಂಗದ ಮನೆಯವರು, ಇವರಿಗೆ ಬಾದಾಮಿ ಎಲ್ಲಿಯದು? ಹಾಲು ಕರೆದರೂ ಮಾರುವುದಕ್ಕೆ. ಮನೆಗೆ ಮಜ್ಜಿಗೆ ಉಳಿದರೆ ಅದೇ ಪುಣ್ಯ. ಮಾಂಸ ಹಬ್ಬಕ್ಕೊಮ್ಮೆ. ಅಂದರೆ ವರ್ಷದ ಬಹುದಿನ ಅವರ ಊಟ ಹೆಚ್ಚುಕಡಿಮೆ ಗಿಡದಿಂದ ಬಂದದ್ದೇ. ವ್ರತ ಹಿಡಿದು ಅಲ್ಲ, ಕೈಲಾಗದೆ.

ಆ ಊಟ ಏನಿತ್ತು ಅನ್ನೋದಕ್ಕೆ ಹೊಲವನ್ನೇ ನೋಡಬೇಕು. ಟಿಪ್ಪು ಸುಲ್ತಾನ್ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿ ಕೊಯಮತ್ತೂರಿಗೆ ಬಂದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇಲ್ಲಿಯ ಒಣಬೇಸಾಯದ ಪೈರುಗಳ ಹೆಸರಿವೆ: ಕಂಬು ಅಂದರೆ ನಮ್ಮ ಸಜ್ಜೆ, ಜೋಳ, ಹುರುಳಿ. ಮಳೆ ಕಮ್ಮಿಯ ಈ ನಾಡಿನಲ್ಲಿ ಭತ್ತ ನದಿ ಕಾಲುವೆಯ ಪಕ್ಕದವರ ಭಾಗ್ಯ. ಉಳಿದವರದು ಜೋಳ, ಸಜ್ಜೆ, ರಾಗಿ. ಅದರ ಜೊತೆಗೆ ಅವರೆ, ಅಲಸಂದೆ, ತೊಗರಿ, ಹುರುಳಿ. ನಮ್ಮ ರೈತರು ಇದಕ್ಕೆ 'ಅಕ್ಕಡಿ ಸಾಲು' ಅಂತಾರೆ. ದವಸದ ಪೈರಿನ ನಡುವೆ ನಾಲ್ಕೈದು ಸಾಲಿಗೊಂದು ಕಾಳಿನ ಸಾಲು. ಹೊಲದಲ್ಲಿದ್ದ ಅಕ್ಕಡಿಯೇ ತಟ್ಟೆಗೂ ಬರುತ್ತಿತ್ತು. ಹಿಟ್ಟಿನ ಮುದ್ದೆ, ಪಕ್ಕದಲ್ಲಿ ಕಾಳಿನ ಸಾರು. ತಮಿಳಿನವರು ಕೊಳ್ಳು ಅನ್ನುವ ಹುರುಳಿಯನ್ನು ಬೇಯಿಸಿ ಕಡೆದು ಮಾಡುವ ಕೊಳ್ಳು ಪರುಪ್ಪು ಇವತ್ತಿಗೂ ಕೊಂಗು ಮನೆಗಳ ಗುರುತು. ಬಸಿದ ಕಟ್ಟಿನಲ್ಲಿ ಸಾರು ಮಾಡುವುದು ನಮ್ಮ ಕಡೆಯೂ ಉಂಟಲ್ಲ.

ಹಳೆಯದೆಲ್ಲ ಚಿನ್ನ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮಳೆ ಹೋದರೆ ದವಸವೂ ಇಲ್ಲ, ಕಾಳೂ ಇಲ್ಲ. 1876-78ರ ದೊಡ್ಡ ಬರದಲ್ಲಿ ಕೊಯಮತ್ತೂರು ಜಿಲ್ಲೆ ತುಂಬಾ ನೊಂದಿತು. ಕಲ್ಲು ಒಡೆಯುವ, ಮಣ್ಣು ಹೊರುವ ಬರಗಾಲದ ಕೂಲಿಗೆ ಜನ ಸಾಲುಗಟ್ಟಿದರು. ಅವರಿಗೆ ಎಷ್ಟು ಕೊಡಬೇಕು ಅನ್ನುವ ವಾದ ಅಲ್ಲೇ ಹುಟ್ಟಿತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಕ್ಕೂ ಕಡಿಮೆ ದವಸ ಕೊಳ್ಳುವಷ್ಟು ಕೂಲಿ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಅದಕ್ಕೆ ಎದುರು ನಿಂತ. ಬರೀ ದವಸದಲ್ಲಿ ಮೈ ಮಾಂಸ ಉಳಿಯುವುದಿಲ್ಲ, ದುಡಿಯುವವನಿಗೆ ದವಸವೂ ಹೆಚ್ಚು ಬೇಕು, ಬೇಳೆಕಾಳೂ ಬೇಕು ಎಂದು ಬರೆದ. 1877ರಲ್ಲೇ ಸರ್ಕಾರ ಕೂಲಿ ಏರಿಸಬೇಕಾಯಿತು. ಪ್ರೋಟೀನಿನ ವಾದ ನಮ್ಮ ಸೀಮೆಗೆ ಬಂದದ್ದು ಹೀಗೆ, ಕೂಲಿಯವನ ತಟ್ಟೆಗೆ ಬೇಳೆ ಬೇಕೋ ಬೇಡವೋ ಎಂಬ ಪ್ರಶ್ನೆಯಾಗಿ. ಜಿಮ್ಮು ಆಮೇಲೆ ಬಂತು.

ಮುಂದಿನ ಅಧ್ಯಾಯ ನಡೆದದ್ದು ಮೇಟ್ಟುಪಾಳಯದಿಂದ ಬೆಟ್ಟ ಹತ್ತಿದರೆ ಸಿಗುವ ಕೂನೂರಿನಲ್ಲಿ. ಅಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ 1920ರ ದಶಕದಲ್ಲಿ ಇಲಿಗಳಿಗೆ ಇಂಡಿಯಾದ ಬೇರೆಬೇರೆ ಜನರ ಊಟ ಹಾಕಿ ಬೆಳೆಸಿದ. ಗೋಧಿ ರೊಟ್ಟಿ, ಬೇಳೆ, ತರಕಾರಿ, ಹಾಲು, ಬೆಣ್ಣೆಯ ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ದಪ್ಪ ಬೆಳೆದವು. ಪಾಲಿಶ್ ಅಕ್ಕಿ ಹೆಚ್ಚಾಗಿದ್ದ 'ಮದ್ರಾಸಿ' ಊಟದ ಇಲಿಗಳು ಕಡೆಯಲ್ಲಿ ನಿಂತವು. ಕನ್ನಡಿಗರ ಊಟದ ಇಲಿಗಳೂ ಆ ಪಟ್ಟಿಯಲ್ಲಿದ್ದವು, ಗೂರ್ಖರಿಗಿಂತ ಕೆಳಗೆ, ಬಂಗಾಳಿಗಳಿಗಿಂತ ಮೇಲೆ. ಇದನ್ನು ಓದಿದ ಅನೇಕರು 'ಉತ್ತರದವರು ಗಟ್ಟಿ, ದಕ್ಷಿಣದವರು ಮೆತ್ತಗೆ' ಎಂದು ತೀರ್ಮಾನಿಸಿಬಿಟ್ಟರು.

ಮೇಷ್ಟ್ರುಗಳು ಮಕ್ಕಳಿಗೆ ಇಲ್ಲಿ ಒಂದು ಪ್ರಶ್ನೆ ಕೇಳಿಸಬೇಕು: ಆ ಬೋನಿನ ತಟ್ಟೆಯಲ್ಲಿದ್ದ ಊಟ ಯಾರದು? ಅದು ಅವಿನಾಶಿ, ಪಲ್ಲಡಂ, ಧಾರಾಪುರದ ಒಣನೆಲದವನ ಸಜ್ಜೆ ಹುರುಳಿಯ ಊಟವಲ್ಲ. ಮಿಲ್ಲಿನ ಅಕ್ಕಿಯ ಊಟ. ಅದೇ ಮೆಕ್‌ಕ್ಯಾರಿಸನ್, ಕೊಯಮತ್ತೂರಿನ ಕೃಷಿ ರಸಾಯನ ತಜ್ಞ ವಿಶ್ವನಾಥ್ ಅವರ ಜೊತೆ ಸೇರಿ, ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದ ಕಿರುಧಾನ್ಯ, ಗೋಧಿಗಳಲ್ಲಿ ಸತ್ವ ಹೆಚ್ಚು ಎಂದು 1926ರಲ್ಲಿ ಪ್ರಕಟಿಸಿದ್ದ. ಇದನ್ನು ನೆನೆಯುವವರು ಕಮ್ಮಿ.

ಕಾಳು ಯಾಕೆ ಬೇಕು ಅನ್ನೋದಕ್ಕೆ ವಿವರಣೆ ಸಿಕ್ಕಿದ್ದೂ ಇಲಿಗಳಿಂದಲೇ. 1914ರಲ್ಲಿ ಅಮೆರಿಕದ ಓಸ್‌ಬೋರ್ನ್ ಮತ್ತು ಮೆಂಡೆಲ್, ಗೋಧಿಯ ಒಂದು ಪ್ರೋಟೀನನ್ನು ಮಾತ್ರ ತಿಂದ ಇಲಿಮರಿಗಳು ಬದುಕುತ್ತವೆ, ಬೆಳೆಯುವುದಿಲ್ಲ ಎಂದು ತೋರಿಸಿದರು. ಅದಕ್ಕೆ ಲೈಸಿನ್ ಎಂಬ ಅಮೈನೋ ಆಮ್ಲ ಸೇರಿಸಿದ ಕೂಡಲೇ ಬೆಳೆದವು. ದವಸಗಳಲ್ಲಿ ಲೈಸಿನ್ ಕಡಿಮೆ, ಕಾಳುಗಳಲ್ಲಿ ಹೇರಳ. ಕಾಳುಗಳಲ್ಲಿ ಕಡಿಮೆಯಾದ ಮೆಥಿಯೋನಿನ್ ದವಸದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದೇ ತಟ್ಟೆಯ ಅಕ್ಕಡಿ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ಒಂದೇ ದಿನದಲ್ಲಿ ಸಿಕ್ಕರೆ ಸಾಕು.

"ಹುಲ್ಲು ತಿಂದೇ ಕಾಂಗೇಯಂ ಎತ್ತು ಹಾಗೆ ಬಲಿತಿಲ್ವಾ?" ಅಂತ ಕೆಲವರು ಕೇಳುತ್ತಾರೆ. ಎತ್ತಿನ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ಹುಲ್ಲಿನಿಂದಲೇ ಪ್ರೋಟೀನು ಕಟ್ಟಿಕೊಡುತ್ತವೆ. ನಮ್ಮ ಹೊಟ್ಟೆಗೆ ಆ ಸೌಕರ್ಯವಿಲ್ಲ. ಆ ಎತ್ತಿಗೂ ಗೇಯುವ ಕಾಲದಲ್ಲಿ ರೈತ ಹುರುಳಿ, ಹತ್ತಿಬೀಜ ಇಡುತ್ತಿದ್ದ ಎನ್ನುವುದನ್ನು ಮರೆಯಬಾರದು.

ಹಾಲು ಬಿಟ್ಟು ಬದುಕುವ ಪ್ರಯೋಗ ಗಾಂಧೀಜಿ ಮಾಡಿದ್ದರು. 1912ರಲ್ಲಿ ಹಾಲು ಬಿಟ್ಟರು. 1918ರ ದೊಡ್ಡ ಕಾಯಿಲೆಯಾದ ಮೇಲೆ ಮೇಕೆ ಹಾಲಿಗೆ ಒಪ್ಪಬೇಕಾಯಿತು. ಆದರೂ ಹಾಲಿಗೆ ಬದಲು ಸಿಗುವುದೇ ಎಂಬ ಹುಡುಕಾಟ ಬಿಡಲಿಲ್ಲ. 1935ರಲ್ಲಿ ವಾರ್ಧಾದ ಮಗನವಾಡಿಯಲ್ಲಿ ಸೋಯಾ ಬೇಯಿಸಿ ಬಡಿಸಿ, 'ಹರಿಜನ' ಪತ್ರಿಕೆಯಲ್ಲಿ ಬರೆದರು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ ಮೈಸೂರಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಅದೇ ದಾರಿಯಲ್ಲಿ ನಡೆಯಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ 'ಬಹೂಪಯೋಗಿ ಆಹಾರ' ತಯಾರಿಸಿತು. ಇವತ್ತಿನ ಡಬ್ಬಿಗೆ ಅದು ದೊಡ್ಡಪ್ಪ ಅನ್ನಬಹುದು.

ಅಷ್ಟರಲ್ಲಿ ವಿಜ್ಞಾನಿಗಳ ನಡುವೆಯೇ ಹೊಸ ಮಾತು ಎದ್ದಿತು. ಕೂನೂರಿನಲ್ಲೇ ಪಳಗಿದ ಡಾಕ್ಟರ್ ಸಿ. ಗೋಪಾಲನ್, ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಮೊದಲಾದವರು, ನಮ್ಮ ಬಡ ಮಕ್ಕಳಿಗೆ ಮೊದಲ ಕೊರತೆ ಹೊಟ್ಟೆ ತುಂಬ ಊಟದ್ದು ಎಂದರು. ಹೊಟ್ಟೆ ಹಸಿದಿದ್ದರೆ ತಿಂದ ಪ್ರೋಟೀನನ್ನೂ ದೇಹ ಸೌದೆಯ ಹಾಗೆ ಉರಿಸಿಬಿಡುತ್ತದೆ. ಜಿಮ್ಮಿನ ಹುಡುಗರಿಗೂ ಈ ಪಾಠ ಬೇಕು. ಅನ್ನ ಬಿಟ್ಟು ಪುಡಿ ಕುಡಿದರೆ ದುಡ್ಡು ಉರಿಯುತ್ತದೆ, ತೋಳು ಬೆಳೆಯುವುದಿಲ್ಲ.

ಈಚಿನ ಐವತ್ತು ಅರುವತ್ತು ವರ್ಷದಲ್ಲಿ ಏನಾಯಿತು ನೋಡಿ. ಪರಂಬಿಕುಳಂ-ಆಳಿಯಾರ್ ನೀರು ಬಂದ ಕಡೆ ತೆಂಗು ಎದ್ದಿತು. ಸಜ್ಜೆ, ಜೋಳ, ಅವುಗಳ ಜೊತೆಗಿದ್ದ ಕಾಳು ಹಿಂದೆ ಸರಿದವು. ರೇಷನ್ ಅಕ್ಕಿ ಹಸಿವನ್ನು ಓಡಿಸಿತು, ಅದು ದೊಡ್ಡ ಉಪಕಾರ. 2011ರಿಂದ ತಮಿಳುನಾಡಿನಲ್ಲಿ ಅದು ಪುಕ್ಕಟೆ. 2007ರಿಂದ ಅಗ್ಗದ ತೊಗರಿಬೇಳೆಯೂ ಸಿಗುತ್ತಿದೆ. ಆದರೂ ಅನೇಕರ ಮನೆ ತಟ್ಟೆಯಲ್ಲಿ ಅನ್ನದ ಗುಡ್ಡ, ಪಕ್ಕದಲ್ಲಿ ತೆಳ್ಳನೆ ಸಾಂಬಾರು. ಕೂನೂರಿನ ಬೋನಿನಲ್ಲಿದ್ದ ಮದ್ರಾಸಿ ಊಟ ಆಗ ನಮ್ಮದಾಗಿರಲಿಲ್ಲ. ಈಗ ಆಗಿದೆ. ಇನ್ನೊಂದು ಕಡೆ ಪಲ್ಲಡಂ ಇಡೀ ದೇಶಕ್ಕೆ ಗೊತ್ತಿರುವ ಕೋಳಿ ಸಾಕಣೆಯ ಊರಾಯಿತು. ಆ ಕೋಳಿಗೆ ಹಾಕುವುದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಅಂದರೆ ದವಸ ಮತ್ತು ಕಾಳು! ನಮ್ಮ ಅಕ್ಕಡಿಯನ್ನು ನಾವು ಕೋಳಿಗೆ ಬಿಟ್ಟುಕೊಟ್ಟೆವು.

ಹಾಗಾದರೆ ಆರಿಸುವುದು ಹೇಗೆ? ನೂರು ಗ್ರಾಂ ಒಣ ಪದಾರ್ಥದಲ್ಲಿ ಇರುವ ಪ್ರೋಟೀನು ಸುಮಾರು ಹೀಗಿದೆ: ಅಕ್ಕಿ 7 ಗ್ರಾಂ, ರಾಗಿ 7, ಜೋಳ 10, ಸಜ್ಜೆ 11, ಹುರುಳಿ 22, ತೊಗರಿಬೇಳೆ 22, ಹೆಸರು, ಅಲಸಂದೆ 24, ಕಡಲೆಕಾಯಿ ಬೀಜ 25. ಅಂಗಡಿಯಲ್ಲಿ 'ಮೀಲ್ ಮೇಕರ್' ಅಂತ ಕೇಳಿದರೆ ಕೊಡುವ ಸೋಯಾ ಉಂಡೆಯಲ್ಲಿ 50ಕ್ಕೂ ಮೇಲೆ. ಸಾಮಾನ್ಯ ಕೆಲಸದ ದೊಡ್ಡವರಿಗೆ ಮೈತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ, ಬರೀ ಗಿಡದ ಊಟವಾದರೆ 1 ಗ್ರಾಂವರೆಗೆ ಬೇಕು. ಭಾರ ಎತ್ತಿ ಮೈ ಕಟ್ಟುವವರಿಗೆ 1.6 ಗ್ರಾಂ ಆಸುಪಾಸು. ಅರುವತ್ತು ಕಿಲೋ ತೂಕದ ಹುಡುಗನಿಗೆ ಅದು 96 ಗ್ರಾಂ ಆಗುತ್ತದೆ. ಒಂದು ದಿನಕ್ಕೆ ಸಜ್ಜೆ ಹಿಟ್ಟು 150 ಗ್ರಾಂ, ಅಕ್ಕಿ 200, ಹುರುಳಿ 60, ತೊಗರಿಬೇಳೆ 50, ಕಡಲೆಕಾಯಿ ಬೀಜ 60, ಮೀಲ್ ಮೇಕರ್ 50 ಗ್ರಾಂ. ಕೂಡಿಸಿ ನೋಡಿ, 96ರ ಹತ್ತಿರ ಬರುತ್ತದೆ. ಇದರಲ್ಲಿ ಡಬ್ಬಿಯಿಂದ ಬಂದದ್ದು ಒಂದೂ ಇಲ್ಲ.

ಎರಡು ಮೂರು ಎಚ್ಚರಿಕೆ ಬೇಕು. ಕಾಳನ್ನು ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಬೇಕು. ಇಲ್ಲದಿದ್ದರೆ ಅದರಲ್ಲಿರುವ ಪ್ರೋಟೀನು ಸರಿಯಾಗಿ ಅರಗುವುದಿಲ್ಲ. ಅಭ್ಯಾಸವಿಲ್ಲದವರು ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಳ್ಳಬೇಕು. ಹಾಲನ್ನೂ ಪೂರಾ ಬಿಟ್ಟವರಿಗೆ ಬಿ12 ವಿಟಮಿನ್ ಯಾವ ಕಾಳಿನಿಂದಲೂ ಸಿಗದು, ಮಾತ್ರೆ ತೆಗೆದುಕೊಳ್ಳಲೇಬೇಕು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಇಷ್ಟೆಲ್ಲ ತಿಂದರೂ ಭಾರ ಎತ್ತದ ತೋಳು ಬೆಳೆಯದು ಅನ್ನೋದಂತೂ ಎಲ್ಲರಿಗೂ ಗೊತ್ತು.

ಕಡೆಗೆ, ಇದು ದೊಡ್ಡ ಹುಡುಗರ ವಿಷಯ ಮಾತ್ರವಲ್ಲ. ತಮಿಳುನಾಡಿನ ಶಾಲೆಯ ಮಧ್ಯಾಹ್ನದ ಊಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನಿದ್ದರೆ ಬಾಳೆಹಣ್ಣಿನಲ್ಲಿ 1 ಗ್ರಾಂ. ಬಾಳೆಹಣ್ಣು ಒಳ್ಳೆಯದೇ, ಆದರೆ ಅದು ಮೊಟ್ಟೆಗೆ ಬದಲಲ್ಲ. ಕರ್ನಾಟಕದಲ್ಲಿ ಕೆಲಕಾಲ ಬಾಳೆಹಣ್ಣಿನ ಜೊತೆಗೆ ಕಡಲೆಕಾಯಿ ಚಿಕ್ಕಿಯ ಆಯ್ಕೆಯೂ ಇತ್ತು. ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 25 ಗ್ರಾಂ, ಒಂದು ಮೊಟ್ಟೆಯಷ್ಟು ಪ್ರೋಟೀನು ಕೊಡುತ್ತದೆ. 25-30 ಗ್ರಾಂ ಹುರುಳಿ ಇಲ್ಲವೇ ಹೆಸರುಕಾಳಿನ ಉಸಲಿಯೂ ಅಷ್ಟೇ. ಕಾರ್ನಿಶ್ 1877ರಲ್ಲಿ ಕೂಲಿಯವನ ಪರವಾಗಿ ಕೇಳಿದ ಬೇಳೆಯನ್ನು ಮೊಟ್ಟೆ ತಿನ್ನದ ಮಗುವಿನ ಪರವಾಗಿ ಕೇಳುವುದಕ್ಕೆ ನಮಗೆ ಯಾವ ಅಡ್ಡಿಯೂ ಇಲ್ಲ. ಮುಂದಿನ ಶಾಲಾ ಸಮಿತಿಯ ಸಭೆಯಲ್ಲಿ ಮೇಷ್ಟ್ರುಗಳೂ ತಾಯಂದಿರೂ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಲಿ.