ಜೀಪಿನ ಹೊಸ್ತಿಲಿಗೆ ಕಾವಲು: ಮುಂಬಯಿಯ ಮೋಟಾರು ಚರಿತ್ರೆಯ ಒಂದು ಪುಟ

ಮುಂಬಯಿಯ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಟ್ಟೆಯ ಗಿರಣಿ, ಬಂದರು ಮತ್ತು ರೈಲು. ಈ ಮೂರರ ಸಾಲಿಗೆ ಮೋಟಾರು ಗಾಡಿಯನ್ನೂ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಈ ನಗರ ಮೋಟಾರನ್ನು ಬರಿದೇ ಓಡಿಸಲಿಲ್ಲ; ಕಟ್ಟಿತು, ಬಿಚ್ಚಿತು, ರಿಪೇರಿ ಮಾಡಿತು, ತನಗೆ ಬೇಕಾದಂತೆ ತಿದ್ದಿಯೂ ಕೊಂಡಿತು. ಆ ತಿದ್ದುವಿಕೆಯ ಒಂದು ಸಣ್ಣ ಉದಾಹರಣೆಯನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಕಾಂದಿವಲಿ, ಬೊರಿವಲಿ, ಠಾಣೆ, ಡೊಂಬಿವಲಿ ಕಡೆಯ ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ ಭಾನುವಾರ ಬೆಳಗ್ಗೆ ಥಾರ್ ಗಾಡಿಯೊಂದರ ಕೆಳಗೆ ಅಂಗಾತ ಮಲಗಿ ನಟ್ಟು ಬಿಗಿಯುತ್ತಿರುವ ತರುಣರು ಈಗೀಗ ಕಾಣಸಿಗುತ್ತಾರೆ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ದಪ್ಪ ಉಕ್ಕಿನ ಪೈಪೊಂದನ್ನು ಅವರು ಕೂಡಿಸುತ್ತಿರುತ್ತಾರೆ. ಅದಕ್ಕೆ ರಾಕ್ ಸ್ಲೈಡರ್ ಎಂದು ಹೆಸರು. ಗಾಡಿಯ ಪಕ್ಕ ಬಂಡೆಯ ಮೇಲೆ ಕೂತುಬಿಟ್ಟರೆ ಬಾಗಿಲ ಕೆಳಗಿನ ತಗಡು ಜಜ್ಜಿಹೋಗದೆ, ಈ ಪೈಪಿನ ಮೇಲೆ ಗಾಡಿ ಜಾರಿಕೊಂಡು ಮುಂದೆ ಹೋಗಬೇಕು. ಅದರ ಉದ್ದೇಶ ಇಷ್ಟೇ. ಮನೆಗೆ ಹೊಸ್ತಿಲಿರುವಂತೆ ಗಾಡಿಯ ಬಾಗಿಲಿಗೂ ಒಂದು ಹೊಸ್ತಿಲುಂಟು. ಈ ಕಬ್ಬಿಣ ಅದರ ಕಾವಲು. ಹಿರಿಯರು ಇದನ್ನು ಕಂಡು ಹುಡುಗರ ಶೋಕಿ ಎನ್ನುತ್ತಾರೆ. ಶೋಕಿಯೋ ಅಗತ್ಯವೋ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ.

ಕನ್ನಡಿಗನೊಬ್ಬನ ಕನಸು

ಮುಂಬಯಿಯಲ್ಲಿ ಮೋಟಾರು ಕಟ್ಟಬೇಕೆಂದು ಮೊದಲು ಹಂಬಲಿಸಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಎರಡು ದಶಕಕ್ಕೂ ಮಿಕ್ಕಿ ದುಡಿದಿದ್ದ ಅವರಿಗೆ ಈ ಪ್ರಾಂತ ಹೊಸದಲ್ಲ. 1935ರಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಅವರು ಸಿದ್ಧಪಡಿಸಿದರು. ಬಿ.ಜಿ. ಖೇರರ ಮುಂಬಯಿ ಮಂತ್ರಿಮಂಡಲ ಅದಕ್ಕೆ ಒಲವು ತೋರಿತಾದರೂ 1939ರಲ್ಲಿ ಯುದ್ಧ ಬಂತು, ಮಂತ್ರಿಮಂಡಲವೂ ಹೋಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಆ ಕೆಲಸವನ್ನು ಮುಂದುವರಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹೂಡುವ ಮಾತುಕತೆಯೂ ನಡೆಯಿತು. ಬ್ರಿಟಿಷ್ ಸರಕಾರದ ನಿರುತ್ಸಾಹದಿಂದ ಅದು ಕೈಗೂಡಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು.

ಮಝಗಾಂವ್‌ಗೆ ಬಂದ ಜೀಪು

ಅದೇ ಕಾಲಕ್ಕೆ ಇನ್ನೊಂದು ಗಾಡಿ ಈ ಊರಿಗೆ ಬೇರೆ ದಾರಿಯಿಂದ ಬಂದಿತು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ನಾಲ್ಕೂ ಚಕ್ರಗಳಿಂದ ಎಳೆಯುವ ಒಂದು ಹಗುರ ಗಾಡಿ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ದೊಡ್ಡ ಗುತ್ತಿಗೆ 1941ರಲ್ಲಿ ವಿಲ್ಲಿಸ್ ಕಂಪನಿಗೂ ಅನಂತರ ಫೋರ್ಡಿಗೂ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಮಹೀಂದ್ರ ಸಹೋದರರಾದ ಜೆ.ಸಿ. ಮತ್ತು ಕೆ.ಸಿ. ಅವರು ಮಲಿಕ್ ಗುಲಾಮ್ ಮಹಮ್ಮದರೊಡನೆ ಕೂಡಿ 1945ರ ಅಕ್ಟೋಬರ್ 2ರಂದು ಆರಂಭಿಸಿದ್ದು ಉಕ್ಕಿನ ವ್ಯಾಪಾರ. ದೇಶ ವಿಭಜನೆಯಾದಾಗ ಗುಲಾಮ್ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. ಇಲ್ಲಿ ಉಳಿದ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಾಯಿಸಿಕೊಂಡಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮಝಗಾಂವ್‌ನಲ್ಲಿ ಜೋಡಿಸುವ ಕೆಲಸ ಆ ದಶಕದ ಕೊನೆಗೆ ಶುರುವಾಯಿತು. ಜೋಡಿಸುವುದರಿಂದ ತಯಾರಿಕೆಗೆ, ಮಝಗಾಂವ್‌ನಿಂದ ಕಾಂದಿವಲಿಯ ಆಕುರ್ಲಿ ರಸ್ತೆಗೆ ಆ ಕೆಲಸ ಬೆಳೆಯುತ್ತ ಹೋಯಿತು. ಸಿ.ಜೆ.-3ಬಿ ಎಂಬ ಎತ್ತರ ಮೂತಿಯ ಜೀಪು ಅಮೆರಿಕದಲ್ಲಿ 1968ಕ್ಕೆ ನಿಂತುಹೋದರೂ ನಮ್ಮಲ್ಲಿ ಅದರ ವಂಶ ಬಹುಕಾಲ ಬಾಳಿತು.

ಆ ಜೀಪಿಗೆ ಹೊಸ್ತಿಲಿನ ಕಾವಲು ಇರಲಿಲ್ಲ. ಯುದ್ಧದ ಜೀಪಿನ ಗೇರು ಪೆಟ್ಟಿಗೆಯ ಕೆಳಗೆ ಉಕ್ಕಿನ ತಗಡೊಂದಿತ್ತು, ಮುಂದೆ ದಪ್ಪ ಚಾನಲ್ಲಿನ ಬಂಪರು ಇತ್ತು. ಪಕ್ಕದಲ್ಲಿ ಏನೂ ಇಲ್ಲ. ಅಷ್ಟಾಗಿ ಬೇಕಾಗಿಯೂ ಇರಲಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇದ್ದ ಅಂತರ 80 ಇಂಚು, ಅಂದರೆ ಎರಡು ಮೀಟರಿಗಿಂತ ತುಸು ಹೆಚ್ಚು. ದಿಬ್ಬ ಹತ್ತಿ ಇಳಿಯುವಾಗ ಇಷ್ಟು ಗಿಡ್ಡ ಗಾಡಿಯ ಹೊಟ್ಟೆ ನೆಲಕ್ಕೆ ತಾಗುವುದು ಕಡಿಮೆ. ಕದಗಳೂ ಇರಲಿಲ್ಲ. ಎಲ್ಲಾದರೂ ತಗಡು ನೆಗ್ಗಿದರೆ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ ಮುಂದೆ ಹೋಗುತ್ತಿದ್ದರು.

ಗಾಡಿ ಉದ್ದವಾದಾಗ

ಕಾಲ ಸರಿದಂತೆ ಜೀಪಿನ ರೂಪ ಬದಲಾಯಿತು. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಎರಡನೆಯ ಥಾರ್‌ನಲ್ಲಿ ಚಕ್ರಗಳ ಅಂತರ 2450 ಮಿ.ಮೀ.; 2024ರ ಆಗಸ್ಟ್ 15ರಂದು ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ 2850 ಮಿ.ಮೀ. ಹಳೆಯ ಜೀಪಿಗೆ ಹೋಲಿಸಿದರೆ ಇದು ಎಂಬತ್ತು ಸೆಂಟಿಮೀಟರಿಗೂ ಹೆಚ್ಚು ಉದ್ದ. ದಿಬ್ಬದ ನೆತ್ತಿಯ ಮೇಲೆ ಗಾಡಿ ಹಾಯುವಾಗ ಹೊಟ್ಟೆ ತಾಗದಂತೆ ಉಳಿಯುವ ಕೋನ ಚಕ್ರಗಳ ಅಂತರ ಬೆಳೆದಷ್ಟೂ ಕಿರಿದಾಗುತ್ತದೆ. ಮೂರು ಬಾಗಿಲಿನ ಥಾರ್‌ಗೆ ಕಂಪನಿ ಹೇಳುವ ಕೋನ 27 ಡಿಗ್ರಿ. ಐದು ಬಾಗಿಲಿನದಕ್ಕೆ ಇನ್ನೂ ಕಡಿಮೆ. ಸಂಸಾರ ಸಮೇತ ಕೂರಬೇಕು, ಕದ ಬೇಕು, ಗಾಜು ಬೇಕು, ಎ.ಸಿ. ಬೇಕು ಎಂದು ನಾವು ಕೇಳಿದ್ದನ್ನೆಲ್ಲ ಪಡೆದೆವು. ಅದರ ಬೆಲೆಯನ್ನು ತೆರುವುದು ಹೊಸ್ತಿಲು. ಒಮ್ಮೆ ಅದು ಬಂಡೆಗೆ ಬಡಿದು ಮೇಲಕ್ಕೆ ಮಡಚಿದರೆ ಬಾಗಿಲು ಹಾಕಲೂ ಬಾರದು, ತೆಗೆಯಲೂ ಬಾರದು. ಹಳೆಯ ಸುತ್ತಿಗೆಯ ಉಪಾಯ ಇಲ್ಲಿ ನಡೆಯದು.

ಹೀಗೆ ರಾಕ್ ಸ್ಲೈಡರ್ ಎಂಬುದು ಗಾಡಿ ಸುಖವಾಸಿಯಾದಾಗ ಹುಟ್ಟಿದ ಅಗತ್ಯ. ಕೊಲ್ಲೂರಿಗೆ ಹೋದ ನಮ್ಮ ಅನೇಕ ವಾಚಕರು ಅಲ್ಲಿಂದ ಜೀಪು ಹಿಡಿದು 1343 ಮೀಟರ್ ಎತ್ತರದ ಕೊಡಚಾದ್ರಿಗೂ ಹೋಗಿಬಂದಿರಬಹುದು. ಕಲ್ಲು, ಕೊರಕಲು, ಮಳೆನೀರು ಕೊರೆದ ಹಳ್ಳಗಳ ಆ ದಾರಿಯಲ್ಲಿ ಚಾಲಕ ಯಾವ ಚಕ್ರವನ್ನು ಯಾವ ಕಲ್ಲಿನ ಮೇಲೆ ಇಡಬೇಕೆಂದು ಲೆಕ್ಕ ಹಾಕುತ್ತ ಹೋಗುವುದನ್ನು ಕಂಡವರಿಗೆ ಹೊಸ್ತಿಲಿನ ಅಪಾಯವನ್ನು ವಿವರಿಸಬೇಕಾಗಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದವರಿಗೂ ಇದು ಹೊಸ ವಿಷಯವಲ್ಲ.

ಬಜಾರೂ ಕೈಕೆಲಸವೂ

ಇಂಥ ಕಬ್ಬಿಣವನ್ನು ಮನೆಯ ಅಂಗಳದಲ್ಲೇ ಕೂಡಿಸುವ ಧೈರ್ಯ ಮುಂಬಯಿಗರಿಗೆ ಬಂದುದು ಇಲ್ಲಿನ ಬಜಾರುಗಳಿಂದ. ಒಪೇರಾ ಹೌಸ್ ಬಳಿ ಮೋಟಾರಿನ ಬಿಡಿಭಾಗ, ನಾಗದೇವಿ ಸ್ಟ್ರೀಟಿನಲ್ಲಿ ನಟ್ಟು, ಬೋಲ್ಟು ಮತ್ತು ಪಾನಾ, ರೇ ರೋಡ್ ಬದಿಯ ದಾರುಖಾನಾದಲ್ಲಿ ಒಡೆದ ಹಡಗಿನ ಉಕ್ಕು, ಕುರ್ಲಾದಲ್ಲಿ ಹಳೆಯ ಗಾಡಿಗಳ ಭಂಗಾರ, ಹೀಗೆ ಒಂದೊಂದಕ್ಕೂ ಒಂದೊಂದು ಓಣಿ. ಕರ್ನಾಕ್ ಬಂದರಿನ ಕಬ್ಬಿಣದ ವ್ಯಾಪಾರಕ್ಕೆಂದು ಮುಂದೆ ಕಳಂಬೋಲಿಯಲ್ಲಿ ಬೇರೆ ಮಾರುಕಟ್ಟೆಯೇ ಎದ್ದಿತು. ಜೀಪಿಗೆ ಗಾರ್ಡು ಬೇಕಾದವನು ಈ ಓಣಿಗಳಲ್ಲಿ ಪೈಪು ಆರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿ ತರುತ್ತಿದ್ದ. ಈಗ ಸಿದ್ಧವಾದ ಜೋಡಿಯೇ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಉಳಿದಿರುವುದು ಕೂಡಿಸುವ ಕೆಲಸ, ಆದರೆ ಅದರಲ್ಲೇ ಎಲ್ಲವೂ ಇದೆ.

ಮುಖ್ಯ ಮಾತು ಒಂದೇ: ಕಬ್ಬಿಣದ ಬಲ ಅದು ನೆಚ್ಚಿಕೊಂಡ ಆಧಾರದಲ್ಲಿದೆ. ಜೀಪಿನ ವಂಶದ ಗಾಡಿಗಳಲ್ಲಿ ಏಣಿಯಂಥ ಉಕ್ಕಿನ ಚೌಕಟ್ಟೊಂದು ಕೆಳಗಿರುತ್ತದೆ, ಅದೇ ಚಾಸಿ. ಬಾಡಿ ಅದರ ಮೇಲೆ ರಬ್ಬರಿನ ಬುಷ್‌ಗಳ ಮೇಲೆ ಕೂತಿರುತ್ತದೆ. ಸ್ಲೈಡರ್ ಚಾಸಿಯನ್ನು ಹಿಡಿದುಕೊಳ್ಳಬೇಕೇ ಹೊರತು ಬಾಡಿಯ ತಗಡನ್ನಲ್ಲ. ಅಂಗಡಿಗಳಲ್ಲಿ ಫುಟ್‌ಸ್ಟೆಪ್ ಎಂದು ಸಿಗುವ ಮೆಟ್ಟಿಲುಗಳು ನೋಡಲು ಇದರಂತೆಯೇ ಇದ್ದರೂ ತೆಳ್ಳಗಿನ ಪಟ್ಟಿಗಳ ಮೇಲೆ ನಿಂತಿರುತ್ತವೆ. ಹತ್ತಿ ಇಳಿಯುವವರ ಭಾರ ತಾಳಲು ಅವು ಸಾಕು. ಗಾಡಿಯ ಭಾರ ಬಿದ್ದರೆ ಅವೇ ಮೇಲಕ್ಕೆ ಮಡಚಿ ಬಾಗಿಲನ್ನು ಚುಚ್ಚುತ್ತವೆ. ಕಾವಲುಗಾರನೇ ಕಳ್ಳನಾದಂತೆ.

ಕೂಡಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಗಾಡಿ ಸಮತಟ್ಟಾದ ನೆಲದಲ್ಲಿರಬೇಕು, ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟಿರಬೇಕು. ಗಾಡಿಯನ್ನು ಎತ್ತಬೇಕಾದರೆ ಅದರ ಭಾರ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಬೇಕು. ಜಾಕನ್ನೊಂದೇ ನಂಬಿ ಕೆಳಗೆ ನುಸುಳುವುದು ಪ್ರಾಣಕ್ಕೆ ಎರವಾದೀತು. ಮೊದಲು ಚಾಸಿಯ ಉದ್ದಕ್ಕೂ ಬ್ರೇಕಿನ ನಳಿಗೆ, ಇಂಧನದ ನಳಿಗೆ, ವಿದ್ಯುತ್ ತಂತಿ ಎಲ್ಲೆಲ್ಲಿ ಹೋಗಿವೆಯೆಂದು ನೋಡಿಕೊಳ್ಳಬೇಕು. ಅವು ಬ್ರಾಕೆಟ್ಟಿನ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗಬಾರದು. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳಿಗೆ ಬೋಲ್ಟು ಹಾಕಬೇಕು, ಇಲ್ಲವೇ ಚಾಸಿಯನ್ನು ಸುತ್ತುವ ಯು-ಬೋಲ್ಟು ಬಳಸಬೇಕು. ಹೊಸ ತೂತು ಕೊರೆದರೆ ಚಾಸಿ ಬಲಗುಂದುತ್ತದೆ. ವೆಲ್ಡಿಂಗ್ ಮಾಡಿದರೆ ಉಕ್ಕಿನ ಗುಣವೂ ಕೆಡುತ್ತದೆ, ಪಕ್ಕದಲ್ಲೇ ಇಂಧನದ ನಳಿಗೆಯೂ ಇದೆ.

ಪೈಪು ಭಾರವಾದುದರಿಂದ ಇಬ್ಬರು ಬೇಕೇ ಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಸಡಿಲವಾಗಿ ಹಾಕಿ, ಪೈಪು ಓರೆಯಾಗದಂತೆ ಸರಿಪಡಿಸಿ, ಅನಂತರ ಒಂದೊಂದನ್ನೇ ಬಿಗಿಯುತ್ತ ಬರಬೇಕು. ಬಾಡಿಗೂ ಪೈಪಿಗೂ ನಡುವೆ ಬೆರಳಿನಷ್ಟಾದರೂ ಸಂದು ಇರಬೇಕು. ರಬ್ಬರಿನ ಮೇಲೆ ಕೂತ ಬಾಡಿ ಓಡುವಾಗ ಅಲುಗುತ್ತದೆಯಷ್ಟೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ನಮ್ಮ ಮುಂಬಯಿಯ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಕಬ್ಬಿಣ ಬಹುಬೇಗ ತುಕ್ಕು ಹಿಡಿಯುವುದರಿಂದ ಸತುವಿನ ಪ್ರೈಮರ್ ಬಳಿದು ಬಣ್ಣ ಕೊಡುವುದು, ಪೈಪಿನೊಳಗೆ ನೀರು ನಿಲ್ಲದಂತೆ ಸಣ್ಣ ಕಿಂಡಿ ಇರುವುದು ಲೇಸು. ಸೊಸೈಟಿಯ ಸೆಕ್ರೆಟರಿಗೆ ಮುಂಚಿತವಾಗಿ ಒಂದು ಮಾತು ಹೇಳಿಡುವುದೂ ಈ ಕ್ರಮದ ಒಂದು ಅಂಗವೆಂದೇ ತಿಳಿಯಬೇಕು.

ಕಾನೂನಿನ ಮಾತು

ಇಲ್ಲಿಗೆ ಕಥೆ ಮುಗಿಯಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಒಡೆಯನು ಗಾಡಿಯನ್ನು ಬದಲಾಯಿಸಕೂಡದೆನ್ನುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಗಳ ಮುಂದಿನ ಕ್ರ್ಯಾಶ್ ಗಾರ್ಡು, ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು 52ನೆಯ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಗೊತ್ತುಪಡಿಸಿತು.

ಮುಂದೆ ಕೊಂಬಿನಂತೆ ಚಾಚುವ ಬುಲ್ ಬಾರ್ ಗಾಡಿಯ ಒಡೆಯನನ್ನು ಕಾಯುವ ಹೆಸರಿನಲ್ಲಿ ದಾರಿಹೋಕನನ್ನು ಕೊಲ್ಲಬಲ್ಲದು. ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ ತರಬಲ್ಲದು. ದಾದರ್, ಕುರ್ಲಾಗಳ ಜನಸಂದಣಿಯಲ್ಲಿ ಅದಕ್ಕೆ ಎಡೆಯಿರಬಾರದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹೊಸ್ತಿಲ ಕೆಳಗೆ ಅಡಗಿ, ಟಯರಿನ ಗೆರೆ ದಾಟದೆ ಇರುವ ಪೈಪು ಅದಕ್ಕೆ ಸಮನಲ್ಲ ಎಂಬುದೂ ನಮ್ಮ ಅಭಿಪ್ರಾಯವೇ. ಆದರೆ ನಮ್ಮ ಅಭಿಪ್ರಾಯ ಕಾನೂನಾಗಲಾರದು. ಕೂಡಿಸುವ ಮುನ್ನ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಕಂಪನಿಯೇ ಒಪ್ಪಿದ ವಸ್ತುವಿದ್ದರೆ ಅದನ್ನೇ ಆರಿಸಿ, ಬೇಕೆಂದಾಗ ಬಿಚ್ಚಿಡಬಹುದಾದ ಬೋಲ್ಟಿನ ಜೋಡಣೆಯನ್ನೇ ಮಾಡಿಕೊಳ್ಳುವುದು ವಿವೇಕ. ಬರೀ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಓಡುವ ಗಾಡಿಗೆ ಈ ಭಾರ ಹೊರಿಸುವ ಅಗತ್ಯವೇ ಇಲ್ಲ.

ಶೋಕಿಯೋ ಅಗತ್ಯವೋ ಎಂಬ ಪ್ರಶ್ನೆಗೆ ಉತ್ತರ ದಾರಿಯಲ್ಲಿದೆಯೇ ಹೊರತು ಗಾಡಿಯಲ್ಲಿಲ್ಲ. ಭಾನುವಾರದ ಆ ತರುಣರನ್ನು ಕಂಡಾಗ ನಮಗೆ ಸಂತೋಷವೆನಿಸುವುದು ಬೇರೊಂದು ಕಾರಣಕ್ಕೆ. ಗಾಡಿಯ ಬಾನೆಟ್ಟನ್ನೂ ತೆರೆದು ನೋಡದೆ ಸರ್ವಿಸ್ ಸೆಂಟರಿಗೆ ಒಪ್ಪಿಸುವ ಈ ಕಾಲದಲ್ಲಿ, ತನ್ನ ಗಾಡಿಯ ಚಾಸಿ ಎಲ್ಲಿದೆ, ಬ್ರೇಕಿನ ನಳಿಗೆ ಎಲ್ಲಿ ಹಾಯುತ್ತದೆ ಎಂದು ಅವರು ಕಣ್ಣಾರೆ ಕಂಡಿದ್ದಾರೆ. ಮಝಗಾಂವ್‌ನ ಶೆಡ್ಡಿನಲ್ಲಿ ಜೀಪಿನ ಭಾಗಗಳನ್ನು ಬಿಚ್ಚಿ ಜೋಡಿಸಿದ ಕೈಗಳ ವಿದ್ಯೆ ಇಷ್ಟರ ಮಟ್ಟಿಗಾದರೂ ಉಳಿದಿದೆ. ಮುಂದಿನ ಸಲ ಊರಿಗೆ ಹೋದಾಗ ಕೊಲ್ಲೂರಿನಲ್ಲಿ ಜೀಪು ಹತ್ತುವ ಮುನ್ನ ವಾಚಕರು ತುಸು ಬಗ್ಗಿ ಬಾಗಿಲ ಕೆಳಗೆ ನೋಡಲಿ.