ಆಟದಲ್ಲಿ ತಲೆಪೆಟ್ಟು: ಆಸ್ಪತ್ರೆಗೆ ಒಯ್ಯುವ ತಿಳಿವಳಿಕೆ ಬೆಳೆದ ಬಗೆ

ಕುಸ್ತಿ, ಕಬಡ್ಡಿ, ಕ್ರಿಕೆಟ್, ಬಂಡೆ ಏರುವಿಕೆ ಮುಂತಾದ ಆಟಗಳಲ್ಲಿ ತಲೆಗೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಎರಡು ಬಗೆಯಲ್ಲಿ ತೊಂದರೆಯಾಗಬಹುದು. ಮಿದುಳು ಕುಲುಕಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು ಕಂಕಷನ್. ಇದು ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಬುರುಡೆಯೊಳಗೆ ರಕ್ತ ಸೋರಿ ಮಿದುಳನ್ನು ಒತ್ತುವುದು ಎರಡನೆಯ ಬಗೆ. ಇದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಮೊದಲ ಅರ್ಧ ಗಂಟೆಯಲ್ಲಿ ಎರಡೂ ಒಂದೇ ತರಹ ಕಾಣಬಹುದು. ಯಾರನ್ನು ಮನೆಗೆ ಕಳಿಸಬಹುದು, ಯಾರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ವೈದ್ಯರು ಬಹುಕಾಲ ತೆತ್ತು ಕಲಿತಿದ್ದಾರೆ.

ಹಳೆಯ ತಿಳಿವಳಿಕೆ

ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಸ್ಥಾನಗಳನ್ನು ಹೇಳುತ್ತದೆ. ಕಣತಲೆಯ ‘ಶಂಖ’ ಮತ್ತು ನೆತ್ತಿಯ ‘ಅಧಿಪತಿ’ ಇವುಗಳಲ್ಲಿ ಬೇಗ ಪ್ರಾಣ ತೆಗೆಯುವ ‘ಸದ್ಯಃಪ್ರಾಣಹರ’ ಗುಂಪಿಗೆ ಸೇರಿವೆ. ಇಂದಿನ ಶರೀರಶಾಸ್ತ್ರವೂ ಕಣತಲೆಯ ಅಪಾಯವನ್ನು ಒಪ್ಪುತ್ತದೆ: ಅಲ್ಲಿ ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಅಪಧಮನಿ ಹಾದುಹೋಗುತ್ತದೆ. ಮೂಳೆ ಬಿರಿದರೆ ಆ ನಾಳ ಹರಿದು ರಕ್ತ ಶೇಖರವಾಗಬಹುದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲಯುದ್ಧಕ್ಕೇ ಒಂದು ಅಧ್ಯಾಯವಿದೆ. ಅಂಥ ಪರಂಪರೆಯ ಈ ನಾಡಿನ ಗರಡಿಮನೆಗಳಲ್ಲಿ ಮಣ್ಣನ್ನು ಅಗೆದು ಹದಮಾಡಿ ಮೆತ್ತಗಿಡುವುದು ಬಿದ್ದ ಪೈಲ್ವಾನನ ಮೈ ಕಾಯಲಿಕ್ಕೇ.

ಅಳತೆ ಮತ್ತು ಚಿತ್ರ

1928ರಲ್ಲಿ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬಾಕ್ಸಿಂಗ್ ಪಟುಗಳ ನಡಿಗೆ ಮತ್ತು ಬುದ್ಧಿಯಲ್ಲಿ ಕಾಣುವ ಏರುಪೇರನ್ನು ವಿವರಿಸಿ, ಮತ್ತೆ ಮತ್ತೆ ಬೀಳುವ ಪೆಟ್ಟಿನ ಹಾನಿ ಉಳಿದುಬಿಡುತ್ತದೆ ಎಂದು ಎಚ್ಚರಿಸಿದರು. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ಬುರುಡೆ ತೆರೆಯದೆಯೇ ಒಳಗಿನ ರಕ್ತ ನೋಡುವುದು ಆಗ ಸಾಧ್ಯವಾಯಿತು. 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಗ್ಲಾಸ್ಗೋ ಮಾಪನ ಕೊಟ್ಟರು. ಕಣ್ಣು ತೆರೆಯುವುದು, ಮಾತು, ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಹಾಕುವ ಕ್ರಮವಿದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಉಪಕರಣವಿಲ್ಲದೆ ಬಳಸಬಹುದು. ಅದೇ ವರ್ಷ ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ ರೂಪುಗೊಂಡಿತು.

ಕ್ರಿಕೆಟ್ ಕಲಿಸಿದ್ದು

1962ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಲ್ಲಿ ಭಾರತ ತಂಡದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತ್ ಎಸೆತ ಬಡಿಯಿತು. ತಜ್ಞ ನರಶಸ್ತ್ರವೈದ್ಯರು ಬರುವವರೆಗೆ ಕಾಯದೆ ಅಲ್ಲಿಯ ಶಸ್ತ್ರವೈದ್ಯರೇ ತುರ್ತು ಶಸ್ತ್ರಕ್ರಿಯೆ ಮಾಡಿದರು. ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವಾರೆಲ್ ರಕ್ತ ಕೊಟ್ಟರು. ಕಂಟ್ರಾಕ್ಟರ್ ಬದುಕಿದರು.

1998ರ ಫೆಬ್ರವರಿ 20ರಂದು ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ರಮಣ್ ಲಾಂಬಾ ಅವರ ತಲೆಗೆ ಚೆಂಡು ತಗುಲಿತು. ಅವರು ತಾವಾಗಿಯೇ ನಡೆದು ಮೈದಾನದಿಂದ ಹೊರಬಂದರು. ಆಮೇಲೆ ಸ್ಥಿತಿ ಹದಗೆಟ್ಟಿತು. ಶಸ್ತ್ರಕ್ರಿಯೆಯಾದರೂ 23ರಂದು ತೀರಿಕೊಂಡರು. ಪೆಟ್ಟಿಗೂ ಪ್ರಜ್ಞೆ ತಪ್ಪುವುದಕ್ಕೂ ನಡುವೆ ಗಾಯಾಳು ಚೆನ್ನಾಗಿಯೇ ಇರುವಂತೆ ಕಾಣುವ ಈ ಅವಧಿಯೇ ಅತ್ಯಂತ ಮೋಸದ್ದು. ಎದ್ದು ನಡೆದದ್ದು ಕ್ಷೇಮದ ಗುರುತಲ್ಲ.

2001ರಲ್ಲಿ ವಿಯೆನ್ನಾದಲ್ಲಿ ಕ್ರೀಡಾ ಕಂಕಷನ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಶಂಕೆ ಬಂದೊಡನೆ ಆಟಗಾರನನ್ನು ಹೊರಗೆ ಕರೆ, ಅದೇ ದಿನ ಮತ್ತೆ ಆಡಿಸಬೇಡ ಎಂಬ ನಿಯಮ ಮುಂದಿನ ಸಮ್ಮೇಳನಗಳಲ್ಲಿ ಗಟ್ಟಿಯಾಯಿತು. 2014ರಲ್ಲಿ ಆಡುವಾಗ ಚೆಂಡು ಬಡಿದ ಆಸ್ಟ್ರೇಲಿಯಾದ ಬ್ಯಾಟರ್ ಫಿಲ್ ಹ್ಯೂಸ್ ಸಾವಿನ ನೋವು ಕ್ರಿಕೆಟ್ ಜಗತ್ತನ್ನು ಅಲ್ಲಾಡಿಸಿತು. 2019ರ ಆಗಸ್ಟ್‌ನಿಂದ ಕಂಕಷನ್ ಆದವರ ಬದಲಿಗೆ ಬೇರೊಬ್ಬರನ್ನು ಆಡಿಸಲು ಐಸಿಸಿ ಅವಕಾಶ ಕೊಟ್ಟಿತು.

ಬಾಗಲಕೋಟೆ ಸೀಮೆಯಲ್ಲಿ

ಜಾತ್ರೆಯ ಕುಸ್ತಿ, ಊರೂರಿನ ಕಬಡ್ಡಿ ಪಂದ್ಯ, ಬಾದಾಮಿಯ ಮರಳುಗಲ್ಲಿನ ಬಂಡೆ ಏರುವ ಸಾಹಸ ಈ ಸೀಮೆಯ ಆಟಗಳು. ಕಬಡ್ಡಿಯಲ್ಲಿ ರೈಡರ್‌ನ ತಲೆ ಹಿಡಿಯುವವನ ಮೊಣಕಾಲಿಗೆ ಬಡಿಯುತ್ತದೆ. ಹುಡುಗ ಕಣ್ಣು ಮಿಟುಕಿಸುತ್ತ ಕೂತುಬಿಡುತ್ತಾನೆ. ಯಾರೋ ಮುಖಕ್ಕೆ ನೀರು ಗೊಜ್ಜುತ್ತಾರೆ, ಯಾರೋ ಉಳ್ಳಾಗಡ್ಡಿ ಮೂಸಿಸುತ್ತಾರೆ, ಬುಗುಟಿನ ಮೇಲೆ ಅರಿಷಿಣ ಮೆತ್ತುತ್ತಾರೆ. ‘ಏನೂ ಆಗಿಲ್ರಿ’ ಎಂದು ಅವನು ಎದ್ದು ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ಅವನನ್ನು ತಡೆಯುವ ಅಧಿಕಾರ ಪಂಚನಿಗೆ ಮತ್ತು ಉಸ್ತಾದನಿಗೆ ಇರಬೇಕು. ತಡೆದರೆ ಅವನ ಮಾನಕ್ಕೆ ಏನೂ ಕುಂದಿಲ್ಲ.

1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. 2002ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಬಾಗಲಕೋಟೆಯಲ್ಲಿ ಆರಂಭವಾಯಿತು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಬಂತು. ಆದರೂ ಬಾದಾಮಿಯಿಂದ ಬಾಗಲಕೋಟೆಗೆ ಸುಮಾರು 40 ಕಿ.ಮೀ., ಇಳಕಲ್ಲಿನಿಂದ ಸುಮಾರು 60 ಕಿ.ಮೀ. ಇದೆ, ಹುನಗುಂದದವರದೂ ದೂರದ ಹಾದಿಯೇ. ವಾಂತಿ ಶುರುವಾದ ಮೇಲೆ ಗಾಡಿ ಹುಡುಕಿದರೆ ಆ ಹಾದಿಯೇ ಕುತ್ತಾಗುತ್ತದೆ. ಪಂದ್ಯಕ್ಕೆ ಮೊದಲೇ ಗಾಡಿ, ಚಾಲಕ, ಸಿ.ಟಿ. ಇರುವ ಆಸ್ಪತ್ರೆಯ ಹೆಸರು ಗೊತ್ತುಮಾಡಿಕೊಳ್ಳುವುದು ಸಂಘಟಕರ ಹೊಣೆ.

ಇಂದಿನ ಕ್ರಮ

ಕ್ಷಣಮಾತ್ರವಾದರೂ ಪ್ರಜ್ಞೆ ತಪ್ಪುವುದು, ಮರಳಿ ಮರಳಿ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಫಿಟ್ಸ್, ಮಾತಿನ ತೊದಲು, ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನ ಬಲಹೀನತೆ, ಎರಡೆರಡು ಕಾಣುವುದು, ಕಣ್ಣಿನ ಪಾಪೆಗಳಲ್ಲಿ ಒಂದು ಹಿರಿದು ಒಂದು ಕಿರಿದಾಗುವುದು, ಮೂಗು ಕಿವಿಗಳಿಂದ ರಕ್ತ ಅಥವಾ ತಿಳಿನೀರು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಲಕ್ಷಣಕ್ಕೆ ಕಾಯಬಾರದು. ಕತ್ತು ನೋಯುತ್ತಿದ್ದರೆ ಗಾಯಾಳುವನ್ನು ಅಲುಗಿಸದೆ 108ಕ್ಕೆ ಕರೆ ಮಾಡಬೇಕು.

ಇವು ಕಾಣದಿದ್ದರೂ ಆ ದಿನ ಆಟ ಮುಗಿಯಿತು. ಗಾಯಾಳು ಬೈಕ್ ಓಡಿಸಬಾರದು, ಮದ್ಯ ಮುಟ್ಟಬಾರದು. ನೋವಿಗೆ ಆಸ್ಪಿರಿನ್ ಬೇಡ. ಕತ್ತಲ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವ ಹಳೆಯ ಸಲಹೆ ಈಗಿಲ್ಲ. ಒಂದೆರಡು ದಿನದ ಮಿತ ವಿಶ್ರಾಂತಿ ಸಾಕು. ಅಲ್ಲಿಂದ ಮುಂದೆ ಹೆಜ್ಜೆ ಹೆಜ್ಜೆಯಾಗಿ, ವೈದ್ಯರ ಒಪ್ಪಿಗೆ ಪಡೆದು ಆಟಕ್ಕೆ ಮರಳಬೇಕು. ಮೊದಲ ರಾತ್ರಿ ಮಾತ್ರ ಅವನನ್ನು ಒಬ್ಬನೇ ಬಿಡುವಂತಿಲ್ಲ. ನಡುವೆ ಎಬ್ಬಿಸಿ ಹೆಸರು ಕೇಳಲು, ಊರು ಕೇಳಲು, ಉತ್ತರ ತಪ್ಪಿದರೆ ಗಾಡಿ ತರಿಸಲು ಮನೆಯವರೊಬ್ಬರು ಹತ್ತಿರ ಮಲಗಿರಬೇಕು.