ವಜ್ರದ ಕಿಟಕಿಯಲ್ಲಿ ಜಲಜನಕ

1899ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಡ್ಯೂವರ್ ಅವರು ಜಲಜನಕವನ್ನು ಹೆಪ್ಪುಗಟ್ಟಿಸಿದರು. ಅದು ಲೋಹದಂತೆ ಹೊಳೆಯಬಹುದೆಂಬ ನಿರೀಕ್ಷೆ ರಸಾಯನಜ್ಞರಲ್ಲಿ ಇತ್ತು. ಕಂಡದ್ದು ತಿಳಿಯಾದ ಮಂಜುಗಡ್ಡೆಯಂಥ ವಸ್ತು. ಆಸೆ ಅಲ್ಲಿಗೇ ಕಮರಬೇಕಾಗಿತ್ತು. ಆದರೆ 1935ರಲ್ಲಿ ವಿಗ್ನರ್ ಮತ್ತು ಹಂಟಿಂಗ್‌ಟನ್, ಬರಿಯ ಶೈತ್ಯದಿಂದ ಆಗದ್ದು ಒತ್ತಡದಿಂದ ಆದೀತೆಂದೂ, ಅದಕ್ಕೆ ವಾತಾವರಣದ ಒತ್ತಡದ ಸುಮಾರು ಎರಡೂವರೆ ಲಕ್ಷ ಪಟ್ಟು ಬೇಕೆಂದೂ ಲೆಕ್ಕ ಹಾಕಿದರು.

ನಾನು ಕನ್ನಡದ ಮೇಷ್ಟ್ರು. ಆ ಲೆಕ್ಕದ ಗೊಡವೆಗೆ ಹೋಗಲಾರೆ. ನನ್ನ ಕುತೂಹಲವೆಲ್ಲ ಇನ್ನೊಂದು ಪ್ರಶ್ನೆಯದು: ಹಾಗೆ ಹಿಂಡಿದ ವಸ್ತುವನ್ನು ನೋಡುವುದು ಹೇಗೆ? ಉಕ್ಕಿನ ಗೋಡೆಯೊಳಗೆ ಬೆಳಕು ಹೊಗುವುದಿಲ್ಲ.

ಉತ್ತರ ದೊರೆತದ್ದು ವಾಷಿಂಗ್ಟನ್ನಿನಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ. ಅಲ್ಲಿನ ವೀರ್, ಲಿಪ್ಪಿನ್‌ಕಾಟ್, ವಾನ್ ವಾಲ್ಕನ್‌ಬರ್ಗ್, ಬಂಟಿಂಗ್ ಎಂಬ ನಾಲ್ವರು ಎರಡು ವಜ್ರಗಳ ಮೊನೆಗಳ ನಡುವೆ ವಸ್ತುವನ್ನಿಟ್ಟು ಅದುಮಿ, ಅದೇ ವಜ್ರಗಳ ಮೂಲಕ ಅವಕೆಂಪು ಕಿರಣ ಹಾಯಿಸಿದರು. 1959ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳು ಮೂವತ್ತು ಸಾವಿರ ಪಟ್ಟಿನವರೆಗೆ ಮುಟ್ಟಿದ್ದವು. ಅವರಿಗೆ ವಜ್ರ ಬಂದದ್ದು ಎಲ್ಲಿಂದ ಎಂದು ಕೇಳಿದರೆ ನಗು ಬರುತ್ತದೆ: ಕಳ್ಳಸಾಗಣೆದಾರರಿಂದ ಸರ್ಕಾರ ಮುಟ್ಟುಗೋಲು ಹಾಕಿಕೊಂಡ ಮಾಲು ಅದು!

ಎಲ್ಲ ವಜ್ರವೂ ಈ ಕೆಲಸಕ್ಕೆ ಒದಗದು. ಹೆಚ್ಚಿನವು ಅವಕೆಂಪು ಕಿರಣದ ಒಂದು ಭಾಗವನ್ನು ತಾವೇ ನುಂಗುತ್ತವೆ. ಅಪರೂಪದ ಕೆಲವು ಬಿಟ್ಟುಕೊಡುತ್ತವೆ. ಈ ಭೇದ ಏಕೆಂದು 1940ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ಅವರ ಶಿಷ್ಯರು ತುಂಬ ಶ್ರಮಿಸಿದರು. ಹರಳಿನ ರಚನೆಯಲ್ಲೇ ಎರಡು ಬಗೆಯಿದೆ ಎಂಬುದು ರಾಮನ್ನರ ಮತ. ಅದು ನಿಲ್ಲಲಿಲ್ಲ. ವಜ್ರದೊಳಗೆ ಬೆರೆತ ಸಾರಜನಕವೇ ಕಾರಣವೆಂದು ಅದೇ 1959ರಲ್ಲಿ ಕೈಸರ್ ಮತ್ತು ಬಾಂಡ್ ತೋರಿಸಿದರು. ಮತ ಬಿದ್ದರೂ ಆ ಬೆಂಗಳೂರಿನ ಅಳತೆಗಳ ಬೆಲೆ ಕುಂದಿತೆಂದು ನಾನು ಭಾವಿಸುವುದಿಲ್ಲ.

ಜಲಜನಕದ ಅಣುವಿನಲ್ಲಿ ಇರುವುದು ಒಂದೇ ತೆರನಾದ ಎರಡು ಪರಮಾಣು. ಅವು ಎಷ್ಟು ಕಂಪಿಸಿದರೂ ವಿದ್ಯುತ್ತಿನ ಏರುಪೇರಾಗದು. ಆದ್ದರಿಂದ ಒಂಟಿ ಅಣು ಅವಕೆಂಪು ಕಿರಣಕ್ಕೆ ಓಗೊಡುವುದಿಲ್ಲ. ನೆರೆಯ ಅಣುಗಳು ಮೈಮೇಲೆ ಬಿದ್ದಾಗ ಈ ಸಮತೆ ಕೆಡುತ್ತದೆ, ಮೌನ ಮುರಿಯುತ್ತದೆ. 1979ರಲ್ಲಿ ಮಾವೊ ಮತ್ತು ಬೆಲ್, ತಂಪು ಮಾಡದೆಯೇ, ಕೋಣೆಯ ಶಾಖದಲ್ಲಿ ಜಲಜನಕವನ್ನು ಬರಿದೆ ಒತ್ತಿ ಹರಳಾಗಿಸಿದರು. 1993ರ ಹೊತ್ತಿಗೆ, ಹದಿನೈದು ಲಕ್ಷ ಪಟ್ಟಿನಾಚೆ, ಹಿಂದೆ ಮೌನಿಯಾಗಿದ್ದ ಅದೇ ಕಂಪನ ಅವಕೆಂಪಿನಲ್ಲಿ ಗಟ್ಟಿಯಾಗಿ ಕೇಳತೊಡಗಿತು. ಲೋಹ ಮಾತ್ರ ಸಿಕ್ಕಿರಲಿಲ್ಲ. 1935ರ ಲೆಕ್ಕ ಎಷ್ಟು ಕಡಿಮೆಯಾಗಿತ್ತೆಂಬುದನ್ನು ನೀವೇ ಊಹಿಸಿ.

2017ರಲ್ಲಿ ಹಾರ್ವರ್ಡಿನ ಡಯಾಸ್ ಮತ್ತು ಸಿಲ್ವೇರಾ, ಸುಮಾರು ನಲವತ್ತೊಂಬತ್ತು ಲಕ್ಷ ಪಟ್ಟಿನಲ್ಲಿ ಹೊಳಪು ಕಂಡೆವೆಂದು ಸಾರಿದರು. ಇತರರು ಸಂಶಯಪಟ್ಟರು. ಮತ್ತೆ ಅಳೆಯುವಷ್ಟರಲ್ಲಿ ವಜ್ರ ಒಡೆದು, ಇದ್ದ ಒಂದೇ ಸಾಕ್ಷಿಯೂ ಹೋಯಿತು. 2020ರಲ್ಲಿ ಫ್ರಾನ್ಸಿನ ಲುಬೇರ್, ಒಚೆಲ್ಲಿ, ದ್ಯೂಮಾ ಎಂಬ ಮೂವರು ಮತ್ತೆ ಅವಕೆಂಪನ್ನೇ ನೆಚ್ಚಿದರು. ಕಣ್ಣಿಗೆ ಕಾಣುವ ಬೆಳಕನ್ನು ಜಲಜನಕ ಆಗಲೇ ತಡೆದು ಕಪ್ಪಾಗಿತ್ತು. ನಲವತ್ತೆರಡು ಲಕ್ಷ ಪಟ್ಟಿನ ಹತ್ತಿರ ಅವಕೆಂಪು ಕಿರಣವೂ ಒಮ್ಮೆಗೇ ನಿಂತಿತು. ಒತ್ತಡ ಇಳಿಸಿದಾಗ ಮರಳಿ ಹಾಯ್ದಿತು. ಇಷ್ಟಾದರೂ ತಮ್ಮ ಲೇಖನದ ತಲೆಬರಹದಲ್ಲಿ ಅವರು ಲೋಹವಾಯಿತೆನ್ನಲಿಲ್ಲ, ‘ಸಂಭವನೀಯ’ ಎಂದಷ್ಟೇ ಬರೆದರು.